ಅವಲಕ್ಕಿಯ ತಟ್ಟೆ ಮತ್ತು ಎಲಿಯಾಹು: ಮಲಿದಾ ಆಚರಣೆಯ ಚರಿತ್ರೆ

ಜಯನಗರದ ಮಗ್ಗುಲಿಗಿದ್ದು, ದಖ್ಖನಿ ಉರ್ದುವನ್ನು ಮನೆಮಾತಾಗಿ ಆಡುವ ಕುಟುಂಬಗಳು ಬಹುಸಂಖ್ಯೆಯಲ್ಲಿ ನೆಲೆಸಿರುವ ಬೆಂಗಳೂರಿನ ತಿಲಕ್ ನಗರದಲ್ಲಿ ‘ಮಲೀದಾ’ ಎಂಬುದು ವಿವರಣೆ ಬೇಡುವ ಶಬ್ದವಲ್ಲ. ರೊಟ್ಟಿಯನ್ನು ಪುಡಿಮಾಡಿ, ತುಪ್ಪ ಬೆಲ್ಲ ಬೆರೆಸಿ, ಕೈಯಲ್ಲೇ ಹಿಸುಕಿ ಮಾಡುವ ಈ ಸಿಹಿಯನ್ನು ದಖ್ಖನಿನ ಮುಸ್ಲಿಮರು ಫಾತಿಹಾ ಓದಿಸಿ ಹಂಚುತ್ತಾರೆ. ಹೆಸರು ಬಂದಿರುವುದು ಉಜ್ಜು, ಹಿಸುಕು ಎಂಬ ಅರ್ಥದ ಪಾರಸಿ ಕ್ರಿಯಾಪದದಿಂದ. ಹೆಚ್ಚುಕಡಿಮೆ ಅದೇ ಹೆಸರಿನ, ಆದರೆ ರೊಟ್ಟಿಯ ಬದಲು ಅವಲಕ್ಕಿಯಿಂದ ಮಾಡುವ ಇನ್ನೊಂದು ತಿನಿಸು ಕೊಂಕಣ ಕರಾವಳಿಯ ಯೆಹೂದಿಗಳಾದ ಬೆನೆ ಇಸ್ರಾಯೇಲರಲ್ಲಿ ಉಂಟು. ದಿನಬಳಕೆಯ ವಸ್ತುವಿನಲ್ಲಿ ಅಡಗಿರುವ ದೈವಿಕವಾದ ಒಳಿತನ್ನು ಗುರುತಿಸಬೇಕೆಂಬ ಯೆಹೂದಿ ಬೋಧನೆ ಪಶ್ಚಿಮ ಏಷ್ಯಾ ಮತ್ತು ಯೂರೋಪುಗಳಲ್ಲಿ ಗ್ರಂಥಗಳ ಮೂಲಕ ಬೆಳೆದರೆ, ಈ ಕರಾವಳಿಯಲ್ಲಿ ಅಡುಗೆಮನೆಯ ಮೂಲಕ ಉಳಿದುಬಂದಿತು. ಮಲಿದಾ ಅದರ ಅತ್ಯಂತ ಸ್ಪಷ್ಟವಾದ ಸಾಕ್ಷಿಯಾಗಿದೆ.

ಬೆನೆ ಇಸ್ರಾಯೇಲ ಎಂದರೆ ಹೀಬ್ರೂ ಭಾಷೆಯಲ್ಲಿ ‘ಇಸ್ರಾಯೇಲನ ಮಕ್ಕಳು’. ಈ ಸಮುದಾಯದ ಐತಿಹ್ಯದ ಪ್ರಕಾರ, ಅಲಿಬಾಗ್ ಸಮೀಪದ ನವಗಾಂವ್ ಬಳಿ ಹಡಗೊಂದು ಒಡೆದಾಗ ಏಳು ಗಂಡಸರು ಮತ್ತು ಏಳು ಹೆಂಗಸರು ಮಾತ್ರ ದಡ ಸೇರಿದರು. ಅವರ ಪವಿತ್ರ ಗ್ರಂಥಗಳೆಲ್ಲ ನೀರುಪಾಲಾದವು. ದೇವರೊಬ್ಬನೇ ಎಂದು ಸಾರುವ ‘ಶೆಮಾ’ ಎಂಬ ಪ್ರಾರ್ಥನೆಯಷ್ಟೇ ಅವರ ನೆನಪಿನಲ್ಲಿ ನಿಂತಿತೆಂದು ಹೇಳಲಾಗುತ್ತದೆ. ಮರಾಠಿಯನ್ನು ತಾಯ್ನುಡಿಯಾಗಿಸಿಕೊಂಡು, ನೆಲೆಸಿದ ಊರುಗಳ ಹೆಸರಿನಿಂದ ದಿವೇಕರ್, ನಾಗಾವ್‌ಕರ್, ಕೆಹಿಮ್‌ಕರ್ ಮುಂತಾದ ಮನೆತನದ ಹೆಸರುಗಳನ್ನು ಪಡೆದ ಇವರು ಗಾಣದ ಕಸುಬನ್ನು ಹಿಡಿದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಅಕ್ಕಪಕ್ಕದವರು ಅವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು ಎಂದು ಕರೆದರು. ಕಾಯಕವನ್ನೇ ಪೂಜೆಯೆಂದು ತಿಳಿದ ಶರಣ ಪರಂಪರೆಯನ್ನು ಬಲ್ಲ ಕನ್ನಡ ಓದುಗರಿಗೆ ಈ ಹೆಸರಿನ ವಿಶೇಷ ಕೂಡಲೇ ತಿಳಿಯುತ್ತದೆ: ಇಲ್ಲಿ ಒಂದು ಜನಾಂಗವನ್ನು ಗುರುತಿಸಿದ್ದು ಅದು ಮಾಡಿದ ಕೆಲಸದಿಂದ ಮಾತ್ರವಲ್ಲ, ವಾರಕ್ಕೊಮ್ಮೆ ಮಾಡದೆ ಬಿಟ್ಟ ಕೆಲಸದಿಂದಲೂ ಹೌದು. ಸೃಷ್ಟಿಯ ಏಳನೆಯ ದಿನದ ವಿಶ್ರಾಂತಿಯನ್ನು ನೆನೆಯುವ ಶಬ್ಬಾತ್ ಎಂಬ ನಿಯಮ, ಅದನ್ನು ವಿವರಿಸುವ ಒಂದು ಪುಟವೂ ಕೈಯಲ್ಲಿಲ್ಲದ ಕಾಲದಲ್ಲಿ, ನಿಂತ ಗಾಣದ ರೂಪದಲ್ಲಿ ಬದುಕಿಕೊಂಡಿತು.

ಈ ಜನರು ಯೆಹೂದಿಗಳೆಂಬುದನ್ನು ಹೊರಗಿನವರು ಕಂಡುಕೊಂಡ ಬಗೆಯೂ ಅಡುಗೆಮನೆಯ ಮೂಲಕವೇ ಆಯಿತೆಂಬುದು ಗಮನಾರ್ಹ. ಡೇವಿಡ್ ರಹಾಬಿ ಎಂಬ ಯೆಹೂದಿ ಕೊಂಕಣಕ್ಕೆ ಬಂದು, ಹಲವು ಬಗೆಯ ಮೀನುಗಳನ್ನು ಕೊಟ್ಟು ಅಡುಗೆ ಮಾಡಲು ಹೇಳಿದಾಗ, ಹೆಂಗಸರು ಈಜುರೆಕ್ಕೆಯೂ ಹುರುಪೆಯೂ ಇರುವ ಮೀನುಗಳನ್ನಷ್ಟೇ ಆರಿಸಿಕೊಂಡರೆಂದು ಐತಿಹ್ಯ ತಿಳಿಸುತ್ತದೆ. ಅಂಥ ಮೀನುಗಳು ಮಾತ್ರ ಭಕ್ಷ್ಯವೆಂಬುದು ಮೋಶೆಯ ಧರ್ಮಶಾಸ್ತ್ರದ ವಿಧಿ. ರಹಾಬಿಯ ಕಾಲವನ್ನು ಕೆಲವರು 18ನೇ ಶತಮಾನಕ್ಕೆ, ಕೆಲವರು ಅದಕ್ಕೂ ಬಹಳ ಹಿಂದಕ್ಕೆ ಹಾಕುತ್ತಾರೆ. ಕಾಲ ಯಾವುದೇ ಆಗಿರಲಿ, ಸಮುದಾಯ ತನ್ನ ಧರ್ಮದ ಕಾವಲನ್ನು ಯಾರ ಕೈಗೆ ಒಪ್ಪಿಸಿತ್ತು ಎಂಬುದನ್ನು ಈ ಕಥೆ ಬಚ್ಚಿಡುವುದಿಲ್ಲ.

ಮಲಿದಾದ ಸಿದ್ಧತೆಯಲ್ಲಿ ಆಡಂಬರವಿಲ್ಲ. ನೆನೆಸಿದ ಅವಲಕ್ಕಿಗೆ ಸಕ್ಕರೆ, ತೆಂಗಿನಕಾಯಿಯ ತುರಿ, ಒಣದ್ರಾಕ್ಷಿ, ಏಲಕ್ಕಿ ಬೆರೆಸಿ ತಟ್ಟೆಯಲ್ಲಿ ಹರಡಿ, ಸುತ್ತಲೂ ಬಾಳೆಹಣ್ಣು, ಖರ್ಜೂರ ಮುಂತಾದ ಹಣ್ಣುಗಳನ್ನೂ ಗುಲಾಬಿ ಅಥವಾ ಪರಿಮಳದ ಎಲೆಗಳನ್ನೂ ಇಡಲಾಗುತ್ತದೆ. ಪ್ರವಾದಿ ಎಲಿಯಾಹು, ಅಂದರೆ ಕನ್ನಡ ಬೈಬಲಿನ ಎಲೀಯನನ್ನು ಸ್ತುತಿಸುವ ಹೀಬ್ರೂ ಹಾಡನ್ನು ಹಾಡಿದ ಮೇಲೆ, ತಟ್ಟೆಯಲ್ಲಿರುವ ಪದಾರ್ಥಗಳಿಗೆ ಬೇರೆಬೇರೆ ‘ಬೆರಾಖಾ’ಗಳನ್ನು, ಅಂದರೆ ದೇವರಿಗೆ ಕೃತಜ್ಞತೆ ಹೇಳುವ ಕಿರು ವಚನಗಳನ್ನು ಹೇಳಿ ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ. ಮದುವೆಗೆ ಮುನ್ನ, ಹೊಸ ಮನೆ ಹೊಗುವಾಗ, ಕಾಯಿಲೆ ವಾಸಿಯಾದಾಗ, ಹರಕೆ ತೀರಿಸುವಾಗ ಈ ತಟ್ಟೆ ಸಿದ್ಧವಾಗುತ್ತದೆ. ಎಲಿಯಾಹು ಸ್ವರ್ಗಕ್ಕೇರುವಾಗ ಅವನ ರಥದ ಗುರುತು ಮೂಡಿತೆಂದು ನಂಬಲಾದ, ಅಲಿಬಾಗ್ ಬಳಿಯ ಖಂಡಾಲೆ ಗ್ರಾಮದ ಬಂಡೆ ಈ ಸಮುದಾಯದ ಯಾತ್ರಾಸ್ಥಳವಾಗಿದೆ.

ತಟ್ಟೆಯೊಂದಕ್ಕೆ ಹಲವು ಬೆರಾಖಾಗಳೇಕೆ ಎಂಬ ಪ್ರಶ್ನೆಗೆ ಉತ್ತರ ತಾಲ್ಮೂದ್ ಎಂಬ ಧರ್ಮಚರ್ಚೆಗಳ ಬೃಹತ್ ಸಂಗ್ರಹದಲ್ಲಿ ಸಿಗುತ್ತದೆ. ಮರದ ಹಣ್ಣಿಗೆ ಒಂದು, ನೆಲದ ಬೆಳೆಗೆ ಒಂದು, ಸುವಾಸನೆಗೆ ಮತ್ತೊಂದು ಎಂಬ ವಿಂಗಡಣೆಯ ಹಿಂದೆ, ಬೆರಾಖಾ ಹೇಳದೆ ಲೋಕದ ಯಾವುದನ್ನೂ ಅನುಭವಿಸಬಾರದೆಂಬ ತತ್ತ್ವವಿದೆ. ದಿನಕ್ಕೆ 100 ಬೆರಾಖಾಗಳನ್ನು ಹೇಳಬೇಕೆಂಬ ಮಾತೂ ಅಲ್ಲಿಯೇ ಬರುತ್ತದೆ. ಬಾಳೆಹಣ್ಣಿಗೆ ಯಾವ ವಚನ, ಖರ್ಜೂರಕ್ಕೆ ಯಾವ ವಚನ ಎಂದು ಕ್ಷಣ ನಿಂತು ಯೋಚಿಸುವವನು ಕೈಯಲ್ಲಿರುವ ಹಣ್ಣನ್ನು ನೋಡಲೇಬೇಕಾಗುತ್ತದೆ, ಅದು ಎಲ್ಲಿ ಬೆಳೆಯಿತೆಂದು ನೆನೆಯಲೇಬೇಕಾಗುತ್ತದೆ. ಗಲಿಲಾಯದ ತ್ಸಫಾತ್ ಊರಿನಲ್ಲಿ ಬೋಧಿಸಿದ ಐಸಾಕ್ ಲೂರಿಯಾ (1534–1572) ಈ ಭಾವಕ್ಕೆ ಕಬ್ಬಾಲಾ ಎಂಬ ಅನುಭಾವ ಪಂಥದಲ್ಲಿ ಇನ್ನೊಂದು ರೂಪ ಕೊಟ್ಟನು: ಸೃಷ್ಟಿಯ ಆದಿಯಲ್ಲಿ ದಿವ್ಯ ಬೆಳಕನ್ನು ತುಂಬಿದ ಪಾತ್ರೆಗಳು ಒಡೆದು ಅದರ ಕಿಡಿಗಳು ಲೋಕದ ವಸ್ತುಗಳಲ್ಲೆಲ್ಲ ಹುದುಗಿದವು, ಅವನ್ನು ಸತ್ಕರ್ಮದಿಂದ ಬಿಡಿಸಿ ಮೇಲೆತ್ತುವುದು ಮನುಷ್ಯನ ಹೊಣೆ ಎಂದನು. 18ನೇ ಶತಮಾನದ ಪೂರ್ವ ಯೂರೋಪಿನಲ್ಲಿ ಬಾಲ್ ಶೆಮ್ ತೋವ್ ಎಂಬ ಗುರುವಿನಿಂದ ಆರಂಭವಾದ ಹಸೀದಿ ಪಂಥ ಈ ತತ್ತ್ವವನ್ನು ವಿದ್ವಾಂಸರ ಕೋಣೆಯಿಂದ ಊಟ, ವ್ಯಾಪಾರ, ಹಾಡುಗಳ ನಡುವೆ ತಂದಿತು. ಆ ಗುರುವಿನ ಮರಿಮಗನಾದ ಬ್ರಾಟ್‌ಸ್ಲಾವಿನ ನಾಖ್ಮಾನ್ (1772–1810) ಎಂಥ ಕೆಟ್ಟವನಲ್ಲಿಯೂ ಒಂದು ಒಳ್ಳೆಯ ಬಿಂದುವನ್ನು ಹುಡುಕಬೇಕೆಂದೂ ಆ ಹುಡುಕಾಟವೇ ಅವನನ್ನು ಒಳಿತಿನ ಕಡೆಗೆ ತಿರುಗಿಸಬಲ್ಲದೆಂದೂ ಬೋಧಿಸಿದನು. ಕೊಂಕಣದ ಗಾಣಿಗರಿಗೆ ಲೂರಿಯಾನ ಹೆಸರು ತಿಳಿಯುವ ಮೊದಲೇ ಅವಲಕ್ಕಿಯ ತಟ್ಟೆ ಅವರ ನಡುವೆ ಇದ್ದಿರಬಹುದಾದ್ದರಿಂದ, ಒಂದರಿಂದ ಇನ್ನೊಂದು ಹುಟ್ಟಿತೆನ್ನುವುದು ಸಾಧುವಲ್ಲ. ಎರಡೂ ಬೆರಾಖಾ ಎಂಬ ಒಂದೇ ಬೇರಿನ ಕವಲುಗಳೆನ್ನುವುದು ಹೆಚ್ಚು ಸರಿ.

ಆ ತಟ್ಟೆಯ ಮುಂದೆ ಎಲಿಯಾಹುವನ್ನೇ ನೆನೆಯುವುದಕ್ಕೂ ಅರ್ಥವಿದೆ. ಯೆಹೂದಿ ಕಥೆಗಳಲ್ಲಿ ಆತ ಮರಣವಿಲ್ಲದ ಪ್ರವಾದಿ. ಭಿಕ್ಷುಕನಾಗಿಯೋ ದಾರಿಹೋಕನಾಗಿಯೋ ವೇಷ ಮರೆಸಿಕೊಂಡು ಬರುವವನು. ತಾಲ್ಮೂದಿನ ಒಂದು ಕಥೆಯಲ್ಲಿ, ಪರ್ಶಿಯಾ ಸೀಮೆಯ ಬೇ ಲಪಾತ್ ಪೇಟೆಯಲ್ಲಿ ನಿಂತ ಬೆರೋಕಾ ಎಂಬ ರಬ್ಬಿ, ಅಂದರೆ ಯೆಹೂದಿ ಧರ್ಮಗುರು, ಇಲ್ಲಿ ಪರಲೋಕಕ್ಕೆ ಅರ್ಹರಾದವರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತಾನೆ. ಎಲಿಯಾಹು ತೋರಿಸುವುದು ಯಾವ ಪಂಡಿತನನ್ನೂ ಅಲ್ಲ. ಯೆಹೂದಿಯೆಂದು ನೋಟಕ್ಕೆ ಗುರುತೇ ಸಿಗದ, ಕೈದಿಗಳ ಮಾನ ಕಾಯುತ್ತಿದ್ದ ಒಬ್ಬ ಸೆರೆಮನೆಯ ಕಾವಲುಗಾರನನ್ನು, ಆಮೇಲೆ ಮನನೊಂದವರನ್ನು ನಗಿಸಿ ಜಗಳ ಬಿಡಿಸುತ್ತಿದ್ದ ಇಬ್ಬರು ವಿನೋದಗಾರರನ್ನು. ಲೋಕ ನಿಂತಿರುವುದು ಪ್ರತಿ ಪೀಳಿಗೆಯಲ್ಲಿಯೂ ಇರುವ 36 ಮಂದಿ ಸತ್ಪುರುಷರಿಂದ ಎಂಬ ನಂಬಿಕೆಯೂ ತಾಲ್ಮೂದಿನಿಂದ ಹೊರಟು, ಕಾಲಕ್ರಮದಲ್ಲಿ ಆ ಸತ್ಪುರುಷರು ಚಮ್ಮಾರರೂ ನೀರು ಹೊರುವವರೂ ಆಗಿ ಮರೆಯಲ್ಲಿರುತ್ತಾರೆಂಬ ಜನಪದ ಕಥೆಗಳಾಗಿ ಹಬ್ಬಿತು.

ಮಲಿದಾದ ಈ ರೂಪ ನೆರೆಹೊರೆಯಿಂದಲೂ ಹಲವನ್ನು ಪಡೆದುಕೊಂಡಿದೆ. ಹೆಸರು ಪಾರಸಿಯದು, ಅವಲಕ್ಕಿ, ತೆಂಗು, ಬಾಳೆಗಳು ಕರಾವಳಿಯ ನೈವೇದ್ಯದವು, ವೇಷ ಮರೆಸಿ ತಿರುಗುವ ಚಿರಂಜೀವಿ ಎಲಿಯಾಹುವಿಗೂ ಮುಸ್ಲಿಂ ಜನಪದದ ಖ್ವಾಜಾ ಖಿಜ್ರ್‌ಗೂ ಇರುವ ಹೋಲಿಕೆಯನ್ನು ವಿದ್ವಾಂಸರು ಗುರುತಿಸಿದ್ದಾರೆ. ಪರರಿಂದ ಬಂದದ್ದನ್ನು ತಮ್ಮದಾಗಿಸಿಕೊಳ್ಳುವಾಗ ಈ ಸಮುದಾಯ ಅದರ ಮೇಲೆ ತನ್ನ ಬೆರಾಖಾವನ್ನು ಹೇಳಿತು, ಅಷ್ಟೆ.

ಕನ್ನಡ ನಾಡಿನೊಡನೆ ಈ ಚರಿತ್ರೆಯ ನಂಟು ಒಂದು ಹರಕೆಯದು. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿದ್ದ ಸ್ಯಾಮ್ಯುಯೆಲ್ ಎಜಿಕಿಯೆಲ್ ದಿವೇಕರ್ ಎರಡನೆಯ ಮೈಸೂರು ಯುದ್ಧದಲ್ಲಿ (1780–1784) ಸೆರೆಸಿಕ್ಕು, ಕುರಾನಿನಲ್ಲಿ ಉಲ್ಲೇಖಗೊಂಡ ಬನಿ ಇಸ್ರಾಯಿಲರೇ ಇವರೆಂದು ತಿಳಿದ ಮೈಸೂರಿನ ರಾಜಮಾತೆಯ ಮಾತಿನಿಂದ ಜೀವ ಉಳಿಸಿಕೊಂಡನೆಂದು ಬೆನೆ ಇಸ್ರಾಯೇಲರು ನೆನೆಯುತ್ತಾರೆ. ಬದುಕಿ ಮರಳಿದ ಕೃತಜ್ಞತೆಗೆ ಆತ 1796ರಲ್ಲಿ ಮುಂಬಯಿಯಲ್ಲಿ ಕಟ್ಟಿಸಿದ್ದೇ ಆ ನಗರದ ಮೊದಲ ಸಿನಗಾಗ್, ಅಂದರೆ ಯೆಹೂದಿ ಪ್ರಾರ್ಥನಾ ಮಂದಿರ. ಅದರ ಹೀಬ್ರೂ ಹೆಸರಿಗೆ ‘ಕರುಣೆಯ ಬಾಗಿಲು’ ಎಂದರ್ಥ. ಶತ್ರುವಿನ ಅಂತಃಪುರದಲ್ಲಿ ಕಂಡ ಒಳಿತಿಗೆ ಸಲ್ಲಿಸಿದ ಸ್ಮಾರಕವೆಂದು ಅದನ್ನು ಓದಬಹುದು.

ಬೆಂಗಳೂರಿಗೆ ಬೆನೆ ಇಸ್ರಾಯೇಲರು ಬಂದದ್ದೂ ಹೆಚ್ಚಾಗಿ ಸೈನ್ಯದ ಜೊತೆಯಲ್ಲಿ. ಮಾಗಡಿ ರಸ್ತೆಯ ಯೆಹೂದಿ ಸ್ಮಶಾನ 1904ರದು, ಅಲ್ಲಿನ ಮೊದಲ ಸಮಾಧಿ ಸುಬೇದಾರ್ ಸ್ಯಾಮ್ಯುಯೆಲ್ ನಾಗಾವ್‌ಕರ್ ಅವರದು. 1948ರ ನಂತರ ಸಮುದಾಯದ ಬಹುಪಾಲು ಇಸ್ರೇಲಿಗೆ ವಲಸೆ ಹೋಗಿ, ಮಲಿದಾ ಅಲ್ಲಿಯೂ ನಡೆದುಬಂದಿದೆ. ಬೆಂಗಳೂರಿನಲ್ಲಿ ಸಿನಗಾಗ್ ಇಲ್ಲ. ಸಾಂಪ್ರದಾಯಿಕ ಸಾಮೂಹಿಕ ಪ್ರಾರ್ಥನೆಗೆ 13 ವರ್ಷ ತುಂಬಿದ ಹತ್ತು ಮಂದಿ ಗಂಡಸರ ಗಣಪೂರ್ತಿ ಬೇಕು. ಹಣ್ಣಿನ ಮೇಲೆ ಬೆರಾಖಾ ಹೇಳಲು ಒಬ್ಬರೇ ಸಾಕು.