ಇಂಧನ ಟಾಕಿ ಕಿತ್ತ ಮೇಲೆ ಉಳಿಯುವ ಮಣ್ಣು: ಜತ್ತ ತಾಲೂಕಿನವರು ಅರಿತಿರಬೇಕಾದ ಸಂಗತಿಗಳು

ಪೆಟ್ರೋಲ್ ಪಂಪೊಂದು ಮುಚ್ಚಿದಾಗ ಅಥವಾ ರಸ್ತೆ ಅಗಲಗೊಂಡು ಸ್ಥಳ ಬದಲಿಸಿದಾಗ ನೆಲದಡಿಯ ಟಾಕಿಗಳನ್ನು ಕಿತ್ತು ಒಯ್ಯುತ್ತಾರೆ. ಕುಣಿ ಮುಚ್ಚುತ್ತದೆ, ಮುಂದೆ ಅದೇ ಜಾಗದಲ್ಲಿ ಅಂಗಡಿಯೋ ಮನೆಯೋ ಏಳುತ್ತದೆ. ಆದರೆ ತುಕ್ಕು ಹಿಡಿದ ಉಕ್ಕಿನ ಟಾಕಿಯಿಂದ, ಎಷ್ಟೋ ವೇಳೆ ಕೊಳವೆಗಳ ಸಂದಿನಿಂದ, ವರ್ಷಗಟ್ಟಲೆ ತೊಟ್ಟಿಕ್ಕಿದ ಇಂಧನ ಮಣ್ಣಿನಲ್ಲಿಯೇ ಉಳಿದಿರುತ್ತದೆ. 1984ರಲ್ಲಿ ಈ ಬಗ್ಗೆ ಕಾನೂನು ಮಾಡಿದ ಅಮೆರಿಕದಲ್ಲಿ ಇದುವರೆಗೆ ಇಂತಹ 5 ಲಕ್ಷಕ್ಕೂ ಹೆಚ್ಚು ಸೋರಿಕೆಗಳು ದೃಢಪಟ್ಟಿವೆ.

ನಮ್ಮ ತಾಲೂಕಿಗೆ ಇದು ದೂರದ ವಿಷಯವಲ್ಲ. ಮ್ಹೈಸಾಳ ಏತ ನೀರಾವರಿಯ ಕೃಷ್ಣೆಯ ನೀರಿಗಾಗಿ ಪೂರ್ವ ಭಾಗದ ಕನ್ನಡ ಹಳ್ಳಿಗಳು ದಶಕಗಳಿಂದ ಕಾದಿವೆ. ಅಲ್ಲಿಯವರೆಗೆ ಬಾವಿ ಮತ್ತು ಕೊಳವೆಬಾವಿಗಳೇ ಆಧಾರ. ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರ್‌ಕಾರಕ. ಕುಡಿಯುವ ನೀರಿನ ಪ್ರತಿ ಲೀಟರಿಗೆ 0.01 ಮಿಲಿಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಪೆಟ್ರೋಲಿನಲ್ಲಿ ಶೇಕಡಾ 1ರಷ್ಟು ಬೆಂಜೀನ್ ಇದ್ದರೂ, ಒಂದೇ ಲೀಟರ್ ಪೆಟ್ರೋಲು 8 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು. ದೇಶದಲ್ಲಿ ಸೀಸರಹಿತ ಪೆಟ್ರೋಲು ಕಡ್ಡಾಯವಾದದ್ದು 2000ದಲ್ಲಿ. ಅದಕ್ಕೂ ಹಿಂದಿನ ಪಂಪಿನ ಜಾಗವಾದರೆ ಸೀಸದ ಪರೀಕ್ಷೆಯೂ ಬೇಕು.

ನಮ್ಮ ನೆಲದ ಗುಣವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಮುಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಆಳವಾಗಿ ಬಿರಿಯುತ್ತದೆ. ಅದರ ಕೆಳಗೆ ಗರಸು, ಗರಸಿನ ಕೆಳಗೆ ಸೀಳುಗಳಿರುವ ಕಪ್ಪು ಬಸಾಲ್ಟ್ ಕಲ್ಲು. ಇಂಧನವು ಈ ಸೀಳುಗಳನ್ನು ಹಿಡಿದು ಸಾಗುವುದರಿಂದ ಪಕ್ಕದ ಬಾವಿ ಶುದ್ಧವಾಗಿದ್ದು, ಅದರಾಚೆಯ ಬಾವಿ ಕೆಡಬಹುದು. ಮರಳು ನೆಲದಲ್ಲಿ ಪಂಪು ಹಚ್ಚಿ ಮಣ್ಣಿನೊಳಗಿನ ಆವಿಯನ್ನು ಹೀರಿ ತೆಗೆಯುವ ಕ್ರಮವಿದೆ; ಗಾಳಿಯಾಡದ ಎರೆಯಲ್ಲಿ ಅದು ಹೆಚ್ಚು ಫಲ ಕೊಡದು. ಆದುದರಿಂದ ಇಲ್ಲಿ ಕೆಟ್ಟ ಮಣ್ಣನ್ನು ಅಗೆದು ತೆಗೆಯುವುದೇ ಬಹುಮಟ್ಟಿಗೆ ಯೋಗ್ಯ ದಾರಿಯೆಂದು ನಾವು ಭಾವಿಸುತ್ತೇವೆ.

ಕೆಲಸದ ಕ್ರಮ ಹೀಗಿರಬೇಕು. ಮೊದಲು ಉಳಿದ ಇಂಧನವನ್ನು ಖಾಲಿ ಮಾಡಿ, ಒಳಗಿನ ಆವಿಯನ್ನು ಹೊರಹಾಕಿ, ಮಾಪಕದಿಂದ ಖಚಿತಪಡಿಸಿಕೊಂಡೇ ಟಾಕಿಯನ್ನು ಎತ್ತಬೇಕು. ಖಾಲಿ ಟಾಕಿ ತುಂಬಿದ ಟಾಕಿಗಿಂತ ಅಪಾಯಕರ. ಅದರೊಳಗೆ ಕೂಲಿಕಾರನನ್ನು ಹಾಗೆಯೇ ಇಳಿಸುವುದು ಕೊಲೆಗೆ ಸಮ. ತಳದ ಕೆಸರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿ ಬರುತ್ತದೆ. ಅದು ಪುಣೆ ಸಮೀಪದ ರಾಂಜಣಗಾವದಂತಹ ಅಧಿಕೃತ ಘಟಕಕ್ಕೆ ಹೋಗಬೇಕೇ ಹೊರತು ಹಳ್ಳಕ್ಕಲ್ಲ. ಬಳಿಕ ಟಾಕಿಯ ತಳ, ಕೊಳವೆಯ ದಾರಿ, ಇಂಧನ ತುಂಬುವ ಯಂತ್ರದ ಅಡಿ, ಈ ಮೂರೂ ಕಡೆಯ ಮಣ್ಣಿನ ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು. ವಾಸನೆಯಿಲ್ಲವೆಂಬುದು ಪುರಾವೆಯಲ್ಲ.

ಅಗೆದ ಮಣ್ಣು ಅಲ್ಪ ಪ್ರಮಾಣದಲ್ಲಿ ಕೆಟ್ಟಿದ್ದರೆ ಸೂಕ್ಷ್ಮಜೀವಿಗಳಿಂದ ಶುದ್ಧಗೊಳಿಸಬಹುದು. ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಹರವಿ, ಸಾರಜನಕ ಮತ್ತು ರಂಜಕದ ಗೊಬ್ಬರ ಬೆರೆಸಿ, ತೇವ ಕಾಯ್ದು, ಆಗಾಗ ತಿರುವಿ ಹಾಕಬೇಕು; ಮಳೆಯ ನೀರು ಹರಿದು ಹೋಗದಂತೆ ಒಡ್ಡು ಬೇಕು. ದಿಲ್ಲಿಯ ಟೆರಿ ಸಂಸ್ಥೆ ಸಿದ್ಧಪಡಿಸಿದ ‘ಆಯಿಲ್‌ಜ್ಯಾಪರ್’ ಎಂಬ ಬ್ಯಾಕ್ಟೀರಿಯಾ ಮಿಶ್ರಣ ತೈಲ ಶುದ್ಧೀಕರಣಾಗಾರಗಳ ಕೆಸರಿನ ಮೇಲೆ ಬಳಕೆಯಾಗಿದೆ. ಡೀಸೆಲ್ ಪೂರ್ತಿ ಕರಗಲು ತಿಂಗಳುಗಳೇ ಹಿಡಿಯುತ್ತವೆ. ಆ ಮಣ್ಣನ್ನು ಹೊಲದ ಬದುವಿಗೆ ಪುಕ್ಕಟೆ ಕೊಡುತ್ತೇವೆಂದರೆ ರೈತ ಬಾಂಧವರು ಒಪ್ಪಬಾರದು.

ಇಂಧನ ಟಾಕಿಯ ಪರವಾನಗಿ ನಾಗಪುರದಲ್ಲಿ ಕೇಂದ್ರ ಕಚೇರಿಯುಳ್ಳ ಪೆಸೊ ಸಂಸ್ಥೆಯದು. ಮಣ್ಣು ಮತ್ತು ನೀರು ಕೆಟ್ಟರೆ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಾಂಗಲಿ ಕಚೇರಿಗೆ ದೂರು ಹೋಗಬೇಕು. ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಕೇಂದ್ರ ಸರಕಾರ 2025ರ ಜುಲೈಯಲ್ಲಿ ನಿಯಮಗಳನ್ನು ಹೊರಡಿಸಿದೆ. ಕೆಡಿಸಿದವನೇ ಶುದ್ಧೀಕರಣದ ವೆಚ್ಚ ಭರಿಸಬೇಕೆಂಬುದು ಅವುಗಳ ತಿರುಳು. ಮರಾಠಿ ಬಾರದೆಂದು ಯಾರೂ ಹಿಂಜರಿಯಬೇಕಾಗಿಲ್ಲ: ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನೀಡಿದೆ. ಕನ್ನಡದಲ್ಲಿಯೇ ಬರೆಯಿರಿ, ಗಟ ನಂಬರು, ಟಾಕಿ ಕಿತ್ತ ದಿನ, ಬಾವಿಗಿರುವ ಅಂತರ ನಮೂದಿಸಿ, ಪೋಚಾವತಿ ಪಡೆದು ಇಟ್ಟುಕೊಳ್ಳಿ.