ಒಂದು ಟೇಪು ಸಾಕ್ಷಿ, ಐದು ಟೇಪು ಸಂಗ್ರಹ

ಯಾರೋ ಚಿತ್ರೀಕರಿಸಿದ ಟೇಪು ಸಿಕ್ಕಿದೆ, ಚಿತ್ರೀಕರಿಸಿದವರು ಮಾತ್ರ ಸಿಕ್ಕಿಲ್ಲ. ಫೌಂಡ್ ಫುಟೇಜ್ ಎಂದು ಕರೆಯುವ ಹಾರರ್ ಸಿನಿಮಾಗಳು ಬಹುಪಾಲು ನಿಂತಿರುವುದು ಈ ಒಂದು ಮಾತಿನ ಮೇಲೆ. ದೆವ್ವದ ಕಥೆ ಹೇಳುವವರು ‘ಇದು ಕಥೆಯಲ್ಲ, ನಮ್ಮೂರಲ್ಲೇ ನಡೆದದ್ದು’ ಎಂದು ಶುರುಮಾಡುತ್ತಾರಲ್ಲ, ಹಾಗೆ. ಹೆದರಿಸುವ ಮೊದಲು ನಂಬಿಸಬೇಕು. ಆದರೆ ಇಂಥ ಟೇಪುಗಳು ನಾಲ್ಕೈದು ಒಟ್ಟಿಗೇ ಸಿಕ್ಕರೆ ಆ ನಂಬಿಕೆ ಏನಾಗುತ್ತದೆ? ‘ವಿ/ಎಚ್/ಎಸ್’ ಸರಣಿಯ ಆಂಥಾಲಜಿ ಚಿತ್ರಗಳನ್ನು ನೋಡುವಾಗಲೆಲ್ಲ ನನ್ನನ್ನು ಕಾಡುವ ಪ್ರಶ್ನೆ ಇದು.

ನಂಬಿಸುವ ಈ ಆಟಕ್ಕೆ ನಾಲ್ಕು ದಶಕ ಮೀರಿದ ಇತಿಹಾಸವಿದೆ. 1980ರಲ್ಲಿ ಇಟಲಿಯ ರುಜ್ಜೇರೊ ದೆಯೊದಾತೊ ‘ಕ್ಯಾನಿಬಲ್ ಹಾಲೊಕಾಸ್ಟ್’ ತೆಗೆದಾಗ, ನಟರನ್ನು ನಿಜಕ್ಕೂ ಕೊಂದಿದ್ದಾರೆಂಬ ಆರೋಪ ಎದ್ದು, ಅವರು ಬದುಕಿದ್ದಾರೆಂದು ಆತ ತೋರಿಸಿಕೊಡಬೇಕಾಯಿತು. 1999ರಲ್ಲಿ ‘ದ ಬ್ಲೇರ್ ವಿಚ್ ಪ್ರಾಜೆಕ್ಟ್’ ಬಂದಾಗ ಅದರ ಮೂವರು ನಟರು ಕಾಣೆಯಾಗಿದ್ದಾರೆಂದೇ ಪ್ರಚಾರ ಮಾಡಿದರು. ಅಂತರ್ಜಾಲ ಇನ್ನೂ ಹೊಸದಾಗಿದ್ದ ಆ ದಿನಗಳಲ್ಲಿ ಎಷ್ಟೋ ಜನ ನಂಬಿಯೂಬಿಟ್ಟರು. ಓರೆನ್ ಪೆಲಿ ಸುಮಾರು 15,000 ಡಾಲರ್ ಖರ್ಚಿನಲ್ಲಿ, ತನ್ನ ಮನೆಯಲ್ಲೇ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ ಚಿತ್ರೀಕರಿಸಿದ. ಕನ್ನಡದಲ್ಲೂ 2013ರಲ್ಲಿ, ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೆಂದು ಹೇಳಿಕೊಂಡು ‘6-5=2’ ಬಂತು.

ಇವೆಲ್ಲ ಒಂದೇ ಘಟನೆಯ ಕಥೆಗಳು. ಇವುಗಳ ದೊಡ್ಡ ತೊಡಕು ಸಮಯ. ಪ್ರಾಣಕ್ಕೇ ಕುತ್ತು ಬಂದಿರುವಾಗ ಕ್ಯಾಮೆರಾ ಬಿಸಾಡಿ ಓಡುವುದು ಬಿಟ್ಟು, ಇವನು ಯಾಕೆ ಇನ್ನೂ ಹಿಡಿದುಕೊಂಡಿದ್ದಾನೆ? ಒಂದೂವರೆ ಗಂಟೆಯ ಚಿತ್ರದಲ್ಲಿ ಈ ಪ್ರಶ್ನೆ ಹತ್ತು ಸಲ ಏಳುತ್ತದೆ.

2012ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡ ‘ವಿ/ಎಚ್/ಎಸ್’ ಈ ತೊಡಕನ್ನು ಕಥೆಯನ್ನು ಚಿಕ್ಕದು ಮಾಡಿ ದಾಟಿತು. ಬೇರೆಬೇರೆ ನಿರ್ದೇಶಕರು, ಬೇರೆಬೇರೆ ಟೇಪುಗಳು. ಡೇವಿಡ್ ಬ್ರಕ್ನರ್ ನಿರ್ದೇಶಿಸಿದ ಭಾಗದಲ್ಲಿ ಕ್ಯಾಮೆರಾ ಇರುವುದು ಕನ್ನಡಕದೊಳಗೆ. ಬಾರಿನಿಂದ ಹೆಣ್ಣುಗಳನ್ನು ಕರೆತಂದು ಗುಟ್ಟಾಗಿ ಚಿತ್ರೀಕರಿಸಲು ಹೊರಟ ಹುಡುಗರು, ಬಂದವಳು ಮನುಷ್ಯಳೇ ಅಲ್ಲ ಎಂದು ತಿಳಿಯುವ ಹೊತ್ತಿಗೆ ತಾವೇ ಬೇಟೆಯಾಗಿರುತ್ತಾರೆ. 2013ರ ಎರಡನೇ ಚಿತ್ರದಲ್ಲಿ ಒಬ್ಬ ಸೈಕಲ್ ಸವಾರನ ಹೆಲ್ಮೆಟ್ಟಿಗೆ ಕ್ಯಾಮೆರಾ ಇದೆ. ಅವನು ಸತ್ತು ಜೋಂಬಿಯಾಗಿ ಎದ್ದ ಮೇಲೂ ಅದು ಓಡುತ್ತಲೇ ಇರುತ್ತದೆ. ಹೆಣಕ್ಕೆ ಕ್ಯಾಮೆರಾ ಕಳಚಿಡಬೇಕೆಂಬ ಅರಿವೆಲ್ಲಿ? ಈ ಭಾಗವನ್ನು ಗ್ರೆಗ್ ಹೇಲ್ ಜೊತೆ ನಿರ್ದೇಶಿಸಿದ ಎಡ್ವಾರ್ಡೊ ಸಾಂಚೆಜ್, ‘ಬ್ಲೇರ್ ವಿಚ್’ ಮಾಡಿದ ಇಬ್ಬರಲ್ಲಿ ಒಬ್ಬ. ತಾನೇ ಜನಪ್ರಿಯಗೊಳಿಸಿದ ಪ್ರಕಾರದ ಹಳೆಯ ಪ್ರಶ್ನೆಗೆ ಹದಿನಾಲ್ಕು ವರ್ಷದ ನಂತರ ಉತ್ತರ ಕೊಟ್ಟಂತಿದೆ. ಸಣ್ಣಕಥೆಯ ಬಲವೂ ಇದೇ: ಹಿನ್ನೆಲೆ ವಿವರಿಸಬೇಕಿಲ್ಲ, ಭಯ ತುದಿಗೇರಿದಲ್ಲಿ ನಿಲ್ಲಿಸಬಹುದು.

ದೌರ್ಬಲ್ಯ ಇರುವುದು ಕಥೆಗಳನ್ನು ಕಟ್ಟುವ ದಾರದಲ್ಲಿ. ಮೊದಲ ಚಿತ್ರದಲ್ಲಿ ಒಂದು ಟೇಪು ಕದಿಯಲು ಬಂದ ಕಳ್ಳರು, ಸತ್ತು ಕೂತ ಮುದುಕನ ಮನೆಯಲ್ಲಿ ಒಂದೊಂದೇ ಟೇಪು ಹಾಕಿ ನೋಡುತ್ತಾರೆ. ಇವನ್ನೆಲ್ಲ ಕೂಡಿಟ್ಟವರು ಯಾರು, ಯಾಕೆ? ಕಂಪ್ಯೂಟರಿನ ವಿಡಿಯೊ ಚಾಟ್ ವಿಎಚ್ಎಸ್ ಟೇಪಿಗೆ ಬಂದದ್ದು ಹೇಗೆ? ಉತ್ತರವಿಲ್ಲ. ನಮ್ಮ ಬೇತಾಳನ ಕಥೆಗಳನ್ನು ನೆನೆಯಿರಿ. ಅಲ್ಲಿ ಪ್ರತಿ ಕಥೆಯ ಕೊನೆಗೂ ವಿಕ್ರಮನಿಗೊಂದು ಇಕ್ಕಟ್ಟು: ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯುತ್ತದೆ, ಬಾಯಿ ತೆರೆದರೆ ಬೇತಾಳ ಮರಕ್ಕೆ ಹಾರುತ್ತದೆ. ಹೊರಗಿನ ಕಥೆ ಒಳಗಿನದನ್ನು ಬೇಡುತ್ತದೆ. ಇಲ್ಲಿ ಕಳ್ಳರು ಒಂದು ಟೇಪು ಬಿಟ್ಟು ಇನ್ನೊಂದು ನೋಡಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಒಂದೇ ಟೇಪಾದರೆ ಅದು ಸಾಕ್ಷಿ, ಐದಾದಾಗ ಸಂಗ್ರಹ. ಸಂಗ್ರಹವನ್ನು ಯಾರೂ ನಂಬಬೇಕಿಲ್ಲ, ಯಾವುದು ಚೆನ್ನಾಗಿದೆ ಎಂದು ಆರಿಸಿದರೆ ಸಾಕು.

ನನಗೆ ಇರಿಸುಮುರುಸಾಗುವುದೂ ಇಲ್ಲಿಯೇ. ಅದೇ ಕಳ್ಳರು ಚಿತ್ರದ ಆರಂಭದಲ್ಲಿ ಒಬ್ಬಾಕೆಯ ಮೇಲೆ ಎರಗಿ, ಅದನ್ನು ಹಣಕ್ಕಾಗಿ ಚಿತ್ರೀಕರಿಸುತ್ತಾರೆ. ಮುಂದೆ ಆಕೆಯ ಸುದ್ದಿಯೇ ಇಲ್ಲ. ಬ್ರಕ್ನರ್ ಕದ್ದು ನೋಡುವ ಕಣ್ಣಿಗೆ ಬೆಲೆ ತೆರಿಸಿದ. ಚಿತ್ರದ ಚೌಕಟ್ಟು ಆ ಕಣ್ಣನ್ನೇ ನಮಗೆ ಹಾಕಿ ಸುಮ್ಮನಾಯಿತು.

ಇದಕ್ಕೆ ಎರಡು ವರ್ಷ ಮೊದಲೇ, 2010ರಲ್ಲಿ, ದಿಬಾಕರ್ ಬ್ಯಾನರ್ಜಿ ಹಿಂದಿಯಲ್ಲಿ ‘ಲವ್ ಸೆಕ್ಸ್ ಔರ್ ಧೋಖಾ’ ಮಾಡಿದ್ದರು. ದೆವ್ವಗಳಿಲ್ಲದ ಆ ಚಿತ್ರದಲ್ಲೂ ಮೂರು ಕಥೆ, ಮೂರು ಬಗೆಯ ಕ್ಯಾಮೆರಾ: ಸಿನಿಮಾ ವಿದ್ಯಾರ್ಥಿಯದು, ಅಂಗಡಿಯ ಸಿಸಿಟಿವಿ, ಕುಟುಕು ಕಾರ್ಯಾಚರಣೆಯದು. ಕಟ್ಟಲು ಹೊರಗಿನ ದಾರವಿಲ್ಲ. ಒಂದು ಕಥೆಯವರು ಇನ್ನೊಂದರಲ್ಲಿ ಹಾದುಹೋಗುತ್ತಾರೆ. ಮೊದಲ ಕಥೆಯಲ್ಲಿ ಓಡಿಹೋಗಿ ಮದುವೆಯಾದ ಹುಡುಗ ಹುಡುಗಿಯನ್ನು ಅವಳ ಮನೆಯವರೇ ಕೊಲ್ಲಿಸುತ್ತಾರೆ, ಕ್ಯಾಮೆರಾ ಓಡುತ್ತಿರುತ್ತದೆ. ಆ ದೃಶ್ಯದಷ್ಟು ನನ್ನನ್ನು ಯಾವ ಜೋಂಬಿಯೂ ಹೆದರಿಸಿಲ್ಲ. ಅಲ್ಲಿ ಸಿಕ್ಕ ಟೇಪು ಮತ್ತೆ ಸಾಕ್ಷಿಯಾಗುತ್ತದೆ, ಮತ್ತು ನೋಡಿದ ನಾವು ‘ಗೊತ್ತಿರಲಿಲ್ಲ’ ಎನ್ನುವ ಹಾಗಿರುವುದಿಲ್ಲ.