ಹೆಂಗಸರು ಹೋಟೆಲಿಗೆ ಹೋದ ಕಥೆ

ಸಮಾಜ ಪಾಠ ಹೇಳಿಕೊಟ್ಟು ಮೂವತ್ತು ವರ್ಷವಾದ ನನಗೆ ಪಾಣಿಪತ್ ಯುದ್ಧಗಳ ಇಸವಿಗಳು ನಿದ್ದೆಯಲ್ಲಿ ಕೇಳಿದರೂ ಬಾಯಿಗೆ ಬರುತ್ತವೆ. ಆದರೆ ನಮ್ಮ ಕಡೆಯ ಹೆಂಗಸರು ಮೊದಲ ಬಾರಿಗೆ ಹೋಟೆಲಿನ ಬೆಂಚಿನ ಮೇಲೆ ಕುಳಿತು ದೋಸೆ ತಿಂದದ್ದು ಯಾವ ಇಸವಿಯಲ್ಲಿ ಎಂಬುದು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಅದೂ ಒಂದು ಚರಿತ್ರೆಯೇ. ಅದರಲ್ಲಿ ಕೋಟೆ ಕೊತ್ತಲಗಳಿಲ್ಲ, ನಿಜ. ಆದರೆ ಬಾಗಿಲುಗಳಿವೆ, ಪರದೆಗಳಿವೆ, ಒಳಗೆ ಯಾರು ಬರಬಹುದು ಎಂಬ ಕಟ್ಟಳೆಗಳಿವೆ.

ಈಗ ಭಾನುವಾರ ಮಧ್ಯಾಹ್ನ ಮಂಗಳೂರಿನ ಯಾವುದೇ ಮೀನಿನ ಊಟದ ಹೋಟೆಲಿಗೆ ಹೋಗಿ ನೋಡಿ. ಅಜ್ಜಿಯಿಂದ ಹಿಡಿದು ಮೊಮ್ಮಗುವಿನವರೆಗೆ ಇಡೀ ಸಂಸಾರ ಬಾಗಿಲಲ್ಲಿ ಸರದಿಗಾಗಿ ಕಾಯುತ್ತಿರುತ್ತದೆ. ಅಂಜಲ್ ತವಾ ಫ್ರೈ, ಕಾಣೆ ರವಾ ಫ್ರೈ, ಬಂಗುಡೆ ಪುಳಿಮುಂಚಿ, ಸಿಗಡಿ ಗಸಿ, ಮರುವಾಯಿ ಸುಕ್ಕ ಎಂದು ಹುಡುಗಿಯರೇ ಮುಂದಾಗಿ ಹೇಳಿ ತರಿಸುತ್ತಾರೆ. ಅದೇ ದಿನ ಸಂಜೆ ಪಿಜ್ಜಾದ ಅಂಗಡಿಯಲ್ಲಿ ಗೆಳತಿಯರ ಇನ್ನೊಂದು ಗುಂಪು. ಇದರಲ್ಲಿ ವಿಶೇಷವೇನು ಎಂದು ಇಂದಿನ ಮಕ್ಕಳು ಕೇಳಿಯಾರು. ವಿಶೇಷವೇನೂ ಇಲ್ಲದ ಹಾಗೆ ಆಗಲಿಕ್ಕೆ ಎಷ್ಟು ಕಾಲ ಹಿಡಿಯಿತು ಎಂಬುದೇ ವಿಶೇಷ.

ನಮ್ಮ ಹಿರಿಯರಿಗೆ ಹೊರಗೆ ಉಣ್ಣುವುದೆಂದರೆ ಮದುವೆ ಮನೆ, ದೇವಸ್ಥಾನ, ದೂರದ ಪ್ರಯಾಣದಲ್ಲಿ ಛತ್ರ, ಇಷ್ಟೆ. ದುಡ್ಡು ಕೊಟ್ಟು ಅನ್ನ ಉಣ್ಣುವುದು ಅಷ್ಟೇನೂ ಗೌರವದ ಸಂಗತಿಯಾಗಿರಲಿಲ್ಲ. ಈ ಮನೋಭಾವವನ್ನು ಬದಲಿಸಿದವರಲ್ಲಿ ನಮ್ಮ ಉಡುಪಿ ಕಡೆಯವರು ಮುಖ್ಯರು. 1923ರ ದೊಡ್ಡ ನೆರೆ ದಕ್ಷಿಣ ಕನ್ನಡದಲ್ಲಿ ಅನೇಕರ ಹೊಲಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಅದಕ್ಕೆ ಮೊದಲೂ ನಂತರವೂ ಬಡತನದಿಂದಾಗಿ ಊರು ಬಿಟ್ಟ ಹುಡುಗರು ಮದರಾಸು, ಬೆಂಗಳೂರು, ಮುಂಬಯಿ ಸೇರಿ ಸೌಟು ಹಿಡಿದರು. 1924ರಲ್ಲಿ ಬೆಂಗಳೂರಿನಲ್ಲಿ ಮಯ್ಯ ಸಹೋದರರು ತೆರೆದ ಹೋಟೆಲೇ ಮುಂದೆ ಎಂ.ಟಿ.ಆರ್. ಆಯಿತು. ಕೆ. ಕೃಷ್ಣರಾಯರು ಮದರಾಸಿನಲ್ಲಿ ಉಡುಪಿ ಹೋಟೆಲಿನಿಂದ ಆರಂಭಿಸಿ ವುಡ್‌ಲ್ಯಾಂಡ್ಸ್ ಕಟ್ಟಿದರು. ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರ ಬೋರ್ಡಿಂಗ್ 1942ರಲ್ಲಿ ತೆರೆಯಿತು.

ಈ ಹೋಟೆಲುಗಳಲ್ಲಿ ಉಂಡವರು ಯಾರು? ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಗುಮಾಸ್ತರು, ಕಾಲೇಜಿನ ಹುಡುಗರು, ಕೋರ್ಟಿನ ಕೆಲಸಕ್ಕೆ ಬಂದ ಹಳ್ಳಿಯವರು. ಅಡಿಗೆಯವರು ಗಂಡಸರು, ಬಡಿಸುವವರು ಗಂಡಸರು, ಗಲ್ಲಾದಲ್ಲಿ ಕುಳಿತವರು ಗಂಡಸರು. ಮನೆಯಲ್ಲಿ ಹೆಂಗಸಿನ ಕರ್ತವ್ಯ ಎನ್ನಿಸಿಕೊಂಡ ಕೆಲಸ ಬೀದಿಗೆ ಬಂದ ಕೂಡಲೇ ಗಂಡಸಿನ ಉದ್ಯೋಗವಾಯಿತು, ಅದಕ್ಕೆ ಸಂಬಳವೂ ಬಂತು. ಬಾಗಿಲಲ್ಲಿ ಜಾತಿಯ ಕಾವಲೂ ಇತ್ತು. ಬ್ರಾಹ್ಮಣರಿಗೆ ಬೇರೆ ಪಂಕ್ತಿ ಹಾಕುವ ಹೋಟೆಲುಗಳಿದ್ದವು. ದಲಿತರಿಗೆ ಒಳಗೆ ಪ್ರವೇಶವೇ ಇರಲಿಲ್ಲ.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ವಿಧಿಯನ್ನು ತರಗತಿಯಲ್ಲಿ ಓದುವಾಗ ನಾನು ಮಕ್ಕಳಿಗೆ ಒಂದು ಸಾಲನ್ನು ಎರಡೆರಡು ಸಲ ಓದಿಸುತ್ತೇನೆ. ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರ ಗೃಹಗಳಿಗೆ ಹೋಗದಂತೆ ಯಾವ ನಾಗರಿಕನನ್ನೂ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ತಡೆಯಬಾರದು ಎಂದು ಅಲ್ಲಿದೆ. ದೇಶದ ಮೂಲ ಕಾನೂನಿನಲ್ಲಿ ಹೋಟೆಲಿನ ಹೆಸರು ಬಂದಿದೆಯಲ್ಲ ಎಂದು ಮಕ್ಕಳಿಗೆ ನಗು. ಅದು ನಗುವ ಮಾತಲ್ಲ. ಒಟ್ಟಿಗೆ ಕುಳಿತು ಉಣ್ಣಲಾಗದ ಜನ ಒಂದು ದೇಶವಾಗುವುದು ಹೇಗೆ ಎಂದು ಅದನ್ನು ಬರೆದವರಿಗೆ ಗೊತ್ತಿತ್ತು. ‘ಲಿಂಗ’ ಎಂಬ ಮಾತೂ ಅದೇ ಸಾಲಿನಲ್ಲಿದೆ ಎಂಬುದನ್ನು ನಾವು ಹೆಂಗಸರು ಗಮನಿಸುವುದು ಕಡಿಮೆ.

ಹೆಂಗಸರನ್ನು ಹೋಟೆಲಿನವರು ಬಾಗಿಲಲ್ಲಿ ತಡೆಯುತ್ತಿರಲಿಲ್ಲ. ಅವರಿಗಾಗಿ ‘ಫ್ಯಾಮಿಲಿ ರೂಂ’ ಎಂಬುದೊಂದನ್ನು ಮಾಡಿಟ್ಟಿದ್ದರು. ನಮ್ಮ ಪ್ರಾಯದವರಿಗೆಲ್ಲ ಅದು ನೆನಪಿರುತ್ತದೆ. ಹೋಟೆಲಿನ ಹಿಂಬದಿಗೆ, ಕೈ ತೊಳೆಯುವ ಜಾಗದ ಹತ್ತಿರ, ಹಲಗೆಯಿಂದ ಭಾಗ ಮಾಡಿದ ಪುಟ್ಟ ಪುಟ್ಟ ಗೂಡುಗಳು. ಪ್ರತಿಯೊಂದಕ್ಕೂ ಎಣ್ಣೆಜಿಡ್ಡಿನ ಒಂದು ಪರದೆ. ಗಂಡಸು ಒಬ್ಬನೇ ಬಂದರೆ ಅವನು ಗಿರಾಕಿ. ಹೆಂಗಸು ಜೊತೆಗಿದ್ದರೆ ಅದು ‘ಫ್ಯಾಮಿಲಿ’. ಹೆಂಗಸು ಒಬ್ಬಳೇ ಬಂದರೆ ಏನು ಎಂಬುದಕ್ಕೆ ಆ ಬೋರ್ಡಿನಲ್ಲಿ ಶಬ್ದವಿರಲಿಲ್ಲ.

ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ, 1970ರ ದಶಕದ ಕೊನೆಯಲ್ಲಿ, ವರ್ಷಕ್ಕೊಮ್ಮೆ ಬಟ್ಟೆ ಕೊಳ್ಳಲು ಪೇಟೆಗೆ ಹೋದಾಗ ಅಪ್ಪ ನಮ್ಮನ್ನು ಅಂಥದೊಂದು ಗೂಡಿಗೆ ಕರೆದುಕೊಂಡು ಹೋಗುತ್ತಿದ್ದರು. ಫ್ಯಾನು ಹೊರಗಿನ ಹಾಲಿನಲ್ಲಿತ್ತು, ನಮಗೆ ಬೆವರು. ಅಮ್ಮ ಪರದೆಗೆ ಬೆನ್ನು ಮಾಡಿ ಕುಳಿತು ಸೆರಗು ಹೊದ್ದು ಮಸಾಲೆ ದೋಸೆ ತಿನ್ನುತ್ತಿದ್ದಳು. ಮನೆಗೆ ಬಂದ ಮೇಲೆ ಅಜ್ಜಿ ಕೇಳಿದರೆ, “ಹೋಟೆಲಿನಲ್ಲಿ ಇರುವುದು ಒಂದೇ ಸುಖ ಅತ್ತೆ, ದೋಸೆ ಬಿಸಿ ಇರುವಾಗಲೇ ತಿನ್ನಬಹುದು” ಎನ್ನುತ್ತಿದ್ದಳು. ಮನೆಯಲ್ಲಿ ಎಲ್ಲರಿಗೂ ದೋಸೆ ಎರೆದು ಕೊಟ್ಟು, ಕಡೆಗೆ ಹಿಟ್ಟಿನ ಪಾತ್ರೆ ಬಳಿದು ಎರೆದುಕೊಂಡ ದಪ್ಪ ದೋಸೆಯನ್ನು ಆರಿದ ಚಟ್ನಿಯಲ್ಲಿ ತಿನ್ನುವವಳ ಮಾತು ಅದು. ಹೋಟೆಲಿನ ಚರಿತ್ರೆಯನ್ನು ಯಾರಾದರೂ ಬರೆದರೆ ಈ ಮಾತು ಅದರಲ್ಲಿರಬೇಕು ಎಂದು ನನಗೆ ಅನ್ನಿಸುತ್ತದೆ.

ಮೀನಿನ ಹೋಟೆಲಿನಲ್ಲಿ ಈ ಪರದೆಯ ಅನುಕೂಲವೂ ಇರಲಿಲ್ಲ. ನಮ್ಮದು ಮೀನು ತಿನ್ನುವ ಮನೆಯೇ ಆದರೂ ಮೀನಿನ ಹೋಟೆಲೆಂದರೆ ದಕ್ಕೆಯ ಬಳಿ, ಬಸ್‌ಸ್ಟ್ಯಾಂಡಿನ ಓಣಿಯಲ್ಲಿ, ಲಾರಿಯವರು, ಬೋಟಿನವರು ಹೋಗುವ ಜಾಗ ಎಂದು ಲೆಕ್ಕ. ಪಕ್ಕದಲ್ಲೇ ಶರಾಬಿನ ಅಂಗಡಿ ಇದ್ದರಂತೂ ಆ ದಾರಿಯಲ್ಲಿ ನಡೆಯುವುದೂ ಬೇಡ. ಇದರಲ್ಲಿರುವ ವಿಚಿತ್ರ ನೋಡಿ. ದಕ್ಕೆಯಲ್ಲಿ ಏಲದ ಮೀನು ಹಿಡಿದು, ಬುಟ್ಟಿ ತಲೆಯ ಮೇಲಿಟ್ಟು ಮೈಲುಗಟ್ಟಲೆ ನಡೆದು ಮಾರುತ್ತಿದ್ದವರು ಮೊಗವೀರ ಹೆಂಗಸರು. ಮಾರುಕಟ್ಟೆಯ ಕಲ್ಲಿನ ಮೇಲೆ ಕುಳಿತು ಚೌಕಾಸಿ ಮಾಡುತ್ತಿದ್ದವರೂ ಅವರೇ. ಮನೆಮನೆಗಳಲ್ಲಿ ಮೀನು ಕೊಯ್ದು, ಮೆಣಸು ಕಾಯಿ ಅರೆದು ಗಸಿ ಮಾಡುತ್ತಿದ್ದವರೂ ಹೆಂಗಸರೇ. ಅದೇ ಮೀನನ್ನು ಮೇಜಿನ ಮುಂದೆ ಕುಳಿತು ಉಣ್ಣುವ ಜಾಗದಲ್ಲಿ ಮಾತ್ರ ಹೆಂಗಸು ಇರಲಿಲ್ಲ.

ಇದು ನಮ್ಮ ದೇಶದ್ದೇ ರೋಗವೆಂದು ತಿಳಿಯಬೇಕಾಗಿಲ್ಲ. ನ್ಯೂಯಾರ್ಕಿನಲ್ಲಿ ಡೆಲ್ಮೊನಿಕೋ ಎಂಬ ಪ್ರಸಿದ್ಧ ಹೋಟೆಲಿತ್ತು. ಸ್ವಿಟ್ಜರ್ಲೆಂಡಿನ ಇಟಾಲಿಯನ್ ಮಾತಾಡುವ ಸೀಮೆಯಿಂದ ಬಂದ ಸಹೋದರರು 1827ರಲ್ಲಿ ಆರಂಭಿಸಿದ್ದು. 1868ರ ಏಪ್ರಿಲ್‌ನಲ್ಲಿ ಅಲ್ಲಿ ಪತ್ರಕರ್ತರು ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ಗೆ ಔತಣವಿಟ್ಟುಕೊಂಡರು. ಜೇನ್ ಕನಿಂಗ್‌ಹ್ಯಾಮ್ ಕ್ರೋಲಿ ಎಂಬಾಕೆಯೂ ಪತ್ರಕರ್ತೆಯೇ. ಆಕೆ ಟಿಕೆಟ್ ಕೇಳಿದರೆ ಹೆಂಗಸರಿಗೆ ಇಲ್ಲವೆಂದರು. ಒತ್ತಾಯ ಮಾಡಿದ ಮೇಲೆ, ಪರದೆಯ ಹಿಂದೆ ಕುಳಿತುಕೊಳ್ಳುವುದಾದರೆ ಬರಬಹುದು ಎಂದರಂತೆ! ನಮ್ಮ ಫ್ಯಾಮಿಲಿ ರೂಮಿನ ಪರದೆ ಅಷ್ಟು ದೂರದಲ್ಲಿಯೂ ಇತ್ತೆಂದಾಯಿತು. ಕ್ರೋಲಿ ಆ ಔತಣದ ಗೋಜಿಗೆ ಹೋಗದೆ ಗೆಳತಿಯರನ್ನು ಸೇರಿಸಿ ‘ಸೊರೋಸಿಸ್’ ಎಂಬ ಮಹಿಳಾ ಸಂಘ ಕಟ್ಟಿದಳು. ಅದೇ ತಿಂಗಳು, ಅದೇ ಹೋಟೆಲಿನಲ್ಲಿ, ಗಂಡಸರ ಜೊತೆಯಿಲ್ಲದೆ ಅವರೆಲ್ಲ ಕುಳಿತು ಊಟ ಮಾಡಿದರು. ಲಂಡನ್ನಿನಲ್ಲಿ ಒಂಟಿ ಹೆಂಗಸು ಮರ್ಯಾದೆಯಿಂದ ಕುಳಿತು ತಿನ್ನಲು ಟೀ ಅಂಗಡಿಗಳು ಬರಬೇಕಾಯಿತು. 1894ರಲ್ಲಿ ಪಿಕಡಿಲಿಯಲ್ಲಿ ತೆರೆದ ಲಯನ್ಸ್ ಟೀ ಅಂಗಡಿಗೂ ಅಂಥವುಗಳಿಗೂ ಅಂಗಡಿ, ಆಫೀಸುಗಳಲ್ಲಿ ದುಡಿಯುವ ಹುಡುಗಿಯರು ಧೈರ್ಯವಾಗಿ ಹೋಗತೊಡಗಿದರು.

ನಮ್ಮ ಮಂಗಳೂರಿನ ಹುಡುಗಿಯರಿಗೆ ಅಂಥ ಜಾಗ ಒದಗಿಸಿದ್ದು ಐಸ್‌ಕ್ರೀಮ್ ಪಾರ್ಲರು. 1975ರಲ್ಲಿ ಶುರುವಾದ ಐಡಿಯಲ್‌ನಂಥ ಕಡೆ ಪರದೆ ಇರಲಿಲ್ಲ, ಬೀಡಿ ಹೊಗೆ ಇರಲಿಲ್ಲ. ಉದ್ದ ಗಾಜಿನ ಲೋಟದಲ್ಲಿ ಹಣ್ಣು, ಜೆಲ್ಲಿ, ಗೋಡಂಬಿ ತುಂಬಿ ಕೊಡುವ ಗಡ್‌ಬಡ್ ಒಂದನ್ನು ಇಬ್ಬರು ಹಂಚಿಕೊಂಡು ತಿನ್ನಬಹುದಿತ್ತು. ಕಾಲೇಜಿನಲ್ಲಿ ನಾವು ದುಡ್ಡು ಒಟ್ಟು ಮಾಡಿ, ಯಾವ ಗಂಡಸಿನ ಆಸರೆಯೂ ಇಲ್ಲದೆ, ಮೇಜಿನ ಸುತ್ತ ಕುಳಿತದ್ದು ಅಲ್ಲಿಯೇ.

ಮೀನಿನ ಹೋಟೆಲಿನ ಮೆಟ್ಟಿಲು ಹತ್ತಿದ್ದು ನೌಕರಿಗೆ ಸೇರಿದ ಮೇಲೆ. 1999ರಲ್ಲಿ ಎಸ್.ಎಸ್.ಎಲ್.ಸಿ. ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಮಂಗಳೂರಿಗೆ ಬಂದ ನಾವು ಆರು ಮಂದಿ ಟೀಚರುಗಳು. ಬೆಳಗ್ಗಿನಿಂದ ಕೆಂಪು ಶಾಯಿ ಹಚ್ಚಿ ಹಚ್ಚಿ ಬೆರಳು ನೋಯುತ್ತಿತ್ತು. ಬುತ್ತಿ ತಿಂದು ಬೇಸತ್ತಿತ್ತು. “ಇವತ್ತು ಮೀನೂಟ ಮಾಡುವ ಮಾರಾಯ್ತಿ” ಎಂದು ನಮ್ಮಲ್ಲಿ ಹಿರಿಯರಾದ ಒಬ್ಬರು ಹೊರಟೇಬಿಟ್ಟರು. ಒಳಗೆ ಕಾಲಿಟ್ಟಾಗ ಹಾಲಿನಲ್ಲಿದ್ದವರೆಲ್ಲ ಒಮ್ಮೆ ತಲೆಯೆತ್ತಿ ನೋಡಿದರು. ನೀರಿಡಲು ಬಂದ ಹುಡುಗ ಪಾಪ, ಗೌರವದಿಂದಲೇ ಕೇಳಿದ: “ಅಕ್ಕ, ಗಂಡಸರು ಯಾರಾದರೂ ಬರ್ಲಿಕ್ಕುಂಟಾ?” ಹಿರಿಯರು ಹೇಳಿದರು: “ಇಲ್ಲ ಮಗಾ, ಹಸಿವಾದದ್ದು ನಮಗೇ.” ಬಾಳೆಲೆ ಬಂತು, ಕುಚ್ಚಲಕ್ಕಿ ಅನ್ನ ಬಂತು, ಬಂಗುಡೆ ಸಾರು ಬಂತು. ಎರಡು ಬಾರಿ ಸಾರು ಹಾಕಿಸಿಕೊಂಡೆವು. ಅರ್ಧ ಗಂಟೆಯಲ್ಲಿ ಯಾರೂ ನಮ್ಮನ್ನು ನೋಡುತ್ತಿರಲಿಲ್ಲ. ಎಷ್ಟೋ ವರ್ಷ ನಮ್ಮನ್ನು ತಡೆದದ್ದು ಇಷ್ಟು ತೆಳುವಾದ ಪರದೆಯೇ ಎಂದು ಆಶ್ಚರ್ಯವಾಯಿತು.

ಇಟಲಿಯ ತಿಂಡಿ ನಮ್ಮಲ್ಲಿಗೆ ಬಂದ ದಾರಿ ಇನ್ನೂ ಸ್ವಾರಸ್ಯದ್ದು. ಇಟಲಿಯವರು ಮಂಗಳೂರಿಗೆ ಹೊಸಬರಲ್ಲ. 1878ರ ಕೊನೆಯ ದಿನ ಇಟಲಿಯ ಜೆಸ್ವಿಟ್ ಪಾದ್ರಿಗಳು ಇಲ್ಲಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಅಂತೋನಿಯೋ ಮೊಸ್ಕೇನಿ ಎಂಬ ಇಟಲಿಯ ಚಿತ್ರಕಾರ ಅದರ ಪ್ರಾರ್ಥನಾ ಮಂದಿರದ ಗೋಡೆ, ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದ. ವಿದ್ಯೆ ಬಂತು, ಚಿತ್ರ ಬಂತು. ಪಿಜ್ಜಾ ಮಾತ್ರ ಆ ಹಡಗಿನಲ್ಲಿ ಬರಲಿಲ್ಲ. ನೇಪಲ್ಸ್ ಪಟ್ಟಣದ ಬಡವರ ಬೀದಿ ತಿಂಡಿಯಾಗಿದ್ದ ಅದು ವಲಸೆ ಹೋದವರ ಜೊತೆ ಅಮೆರಿಕಕ್ಕೆ ಹೋಗಿ, ಅಲ್ಲಿ ಕಂಪೆನಿಯ ಸರಕಾಗಿ, 1996ರಲ್ಲಿ ಪಿಜ್ಜಾ ಹಟ್ ಮೂಲಕ ಬೆಂಗಳೂರಿಗೆ ಇಳಿಯಿತು. ನಮ್ಮ ಉಡುಪಿ ದೋಸೆಯ ಹಾಗೆಯೇ ಅದೂ ಹೊಟ್ಟೆಪಾಡಿಗೆ ಊರು ಬಿಟ್ಟವರ ಕೈಯಲ್ಲಿ ಬೆಳೆದ ತಿಂಡಿ. ಪಿಜ್ಜಾದ ಕೆಂಪಿಗೆ ಕಾರಣವಾದ ಟೊಮೆಟೊ, ನಮ್ಮ ಗಸಿಯ ಕೆಂಪಿಗೆ ಕಾರಣವಾದ ಮೆಣಸಿನಕಾಯಿ ಎರಡಕ್ಕೂ ತವರುಮನೆ ಅಮೆರಿಕ ಖಂಡವೇ. ಕೊಲಂಬಸನ ನಂತರ ಒಂದು ಇಟಲಿಗೆ ಸೊಸೆಯಾಗಿ ಹೋಯಿತು, ಇನ್ನೊಂದು ಪೋರ್ತುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂತು.

ಪಿಜ್ಜಾದ ರುಚಿಯ ಬಗ್ಗೆ ನನಗೆ ಅಷ್ಟೇನೂ ಮೋಹವಿಲ್ಲ. ಆದರೆ ಅದನ್ನು ತಿನ್ನುವ ಕ್ರಮ ನನಗೆ ಇಷ್ಟ. ಮೇಜಿನ ನಡುವೆ ತಂದಿಡುತ್ತಾರೆ, ಮೊದಲೇ ತುಂಡು ಮಾಡಿರುತ್ತಾರೆ, ಎಲ್ಲರೂ ಒಟ್ಟಿಗೆ ಕೈ ಹಾಕುತ್ತಾರೆ. ಬಡಿಸುವವಳು ಎಂದು ಒಬ್ಬಳು ನಿಂತಿರಬೇಕಾಗಿಲ್ಲ. ಕಡೆಗೆ ಉಣ್ಣುವವಳು ಎಂಬ ಸ್ಥಾನವೇ ಆ ಮೇಜಿನಲ್ಲಿಲ್ಲ. ಇಟಲಿಯಲ್ಲಿ 1891ರಲ್ಲಿ ಪೆಲೆಗ್ರೀನೋ ಅರ್ತೂಸಿ ಎಂಬವನು ಒಂದು ಅಡಿಗೆಯ ಪುಸ್ತಕ ಪ್ರಕಟಿಸಿದ. ಓದಿದ ಗೃಹಿಣಿಯರು ಊರೂರುಗಳಿಂದ ಪತ್ರ ಬರೆದು ತಮ್ಮ ಪಾಕಗಳನ್ನು ತಿಳಿಸಿದರು. ಮುದ್ರಣದಿಂದ ಮುದ್ರಣಕ್ಕೆ ಪುಸ್ತಕ ಬೆಳೆಯಿತು. ಅವನ ಮನೆಯಲ್ಲಿ ಆ ಪಾಕಗಳನ್ನು ಮಾಡಿ ನೋಡುತ್ತಿದ್ದವಳು ಮರಿಯೆತ್ತಾ ಎಂಬ ಅಡಿಗೆಯಾಕೆ. 1911ರಲ್ಲಿ ತೀರಿಕೊಂಡ ಅರ್ತೂಸಿ ಪುಸ್ತಕದ ಹಕ್ಕನ್ನು ಆಕೆಗೂ ಇನ್ನೊಬ್ಬ ಅಡಿಗೆಯವನಿಗೂ ಬರೆದಿಟ್ಟಿದ್ದ. ಅಡಿಗೆ ಮಾಡಿದವಳಿಗೆ ಹೆಸರೂ ಹಣವೂ ಸಲ್ಲಬೇಕೆಂದು ತಿಳಿದ ಮನುಷ್ಯ ದೊಡ್ಡವನು.

ಹೋಟೆಲಿಗೆ ಹೋಗುವುದು ಶೋಕಿ, ಮನೆಯೂಟಕ್ಕೆ ಸಮವಿಲ್ಲ ಎನ್ನುವವರು ಈಗಲೂ ಇದ್ದಾರೆ. ಮನೆಯೂಟಕ್ಕೆ ಸಮವಿಲ್ಲ, ಒಪ್ಪಿದೆ. ಆದರೆ ಹಾಗೆನ್ನುವವರಲ್ಲಿ ಹೆಚ್ಚಿನವರು ಆ ಊಟವನ್ನು ಬಡಿಸಿಕೊಂಡವರೇ ಹೊರತು ಬಡಿಸಿದವರಲ್ಲ.

ನಮ್ಮ ಮನೆಗೆ ಇಪ್ಪತ್ತು ವರ್ಷದಿಂದ ಮೀನು ತರುವಾಕೆ ಕಳೆದ ಚೌತಿಯ ನಂತರ ಬುಟ್ಟಿ ಇಳಿಸಿ ಒಂದು ಸುದ್ದಿ ಹೇಳಿದಳು. ಮಗಳಿಗೆ ಕೆಲಸ ಸಿಕ್ಕಿತಂತೆ. ಮೊದಲ ಸಂಬಳದಲ್ಲಿ ಅಮ್ಮನನ್ನು ಎ.ಸಿ. ಇರುವ ಮೀನಿನ ಹೋಟೆಲಿಗೆ ಕರೆದುಕೊಂಡು ಹೋದಳಂತೆ. “ಹೇಗಿತ್ತು ಊಟ?” ಎಂದು ಕೇಳಿದೆ. “ಊಟ ಆಮೇಲೆ ಅಕ್ಕ. ಅಂಜಲ್ ಬೇಕಾ ಎಂದು ಕೇಳಿದ. ಕಾಯಿಸುವ ಮೊದಲು ಮೀನು ತಂದು ತೋರಿಸು, ಕಿವಿರು ನೋಡ್ಬೇಕು ಅಂದೆ.”

“ತೋರಿಸಿದನಾ?”

“ತೋರಿಸದೆ ಮತ್ತೆ? ತಟ್ಟೆಯಲ್ಲಿಟ್ಟು ತಂದ. ನೋಡಿದೆ. ಫ್ರೆಶ್ ಉಂಟು, ಕಾಯಿಸು ಅಂದೆ” ಎಂದು ಹೇಳಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನ ಪಾಲಿನ ಬಂಗುಡೆಗಳನ್ನು ಎಣಿಸತೊಡಗಿದಳು.